ಥಂಡರ್‌ಬರ್ಡ್‌ಗೆ ಟಾಪ್ ಬಾಕ್ಸ್: ಕೂರುವುದಿಲ್ಲ ಎಂದವರು ಬಂದು ಅಲ್ಲಾಡಿಸಿ ನೋಡಲಿ

ಕ್ರೂಸರ್ ಬೈಕಿಗೆ ಟಾಪ್ ಬಾಕ್ಸ್, ಅಂದರೆ ಹಿಂಬದಿಯಲ್ಲಿ ಕೂರಿಸುವ ಸಾಮಾನಿನ ಪೆಟ್ಟಿಗೆ, ಹಾಕಿದರೆ ಘಟ್ಟದಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ, ಕ್ಯಾರಿಯರ್ ಮುರಿಯುತ್ತದೆ, ನೋಡಲೂ ಅಸಹ್ಯ. ನನಗೆ ಈ ಮಾತು ಹೇಳದ ಮೆಕ್ಯಾನಿಕ್ ಶಿರಸಿಯಲ್ಲಿ ಉಳಿದಿಲ್ಲ. ನೋಡಲು ಅಸಹ್ಯ ಎನ್ನುವುದನ್ನು ಒಪ್ಪುತ್ತೇನೆ. ಉಳಿದದ್ದಕ್ಕೆಲ್ಲ ಕಾರಣ ಪೆಟ್ಟಿಗೆಯನ್ನು ಕೂರಿಸುವ ಜಾಗ. ನನ್ನ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350ರ ಮೇಲೆ ಈಗಿರುವ ಕ್ಯಾರಿಯರ್ ಪ್ರತಿ ವಾರ ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟ ಇಳಿದು ಹತ್ತುತ್ತಿದೆ, ಮಳೆಗಾಲವನ್ನೂ ಕಳೆದಿದೆ, ಒಂದು ವೆಲ್ಡಿಂಗ್ ಕೂಡ ಬಿರುಕು ಬಿಟ್ಟಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ನನ್ನದು ಎಲೆಕ್ಟ್ರಾನಿಕ್ ತೂಕದ ಯಂತ್ರಗಳ ರಿಪೇರಿ ಕೆಲಸ. ಶಿರಸಿಯ ಅಡಿಕೆ ಅಂಗಡಿಗಳಿಂದ ಕುಮಟಾ, ಅಂಕೋಲಾ, ಕಾರವಾರದ ಮೀನು ಅಂಗಡಿಗಳವರೆಗೆ ಗಿರಾಕಿಗಳಿದ್ದಾರೆ. ಲೋಡ್ ಸೆಲ್ (ಯಂತ್ರದೊಳಗೆ ಭಾರ ಗ್ರಹಿಸುವ ಭಾಗ), ಬ್ಯಾಟರಿ, ಡಿಸ್‌ಪ್ಲೇ, ಸೋಲ್ಡರಿಂಗ್ ಸಾಮಾನು, ಇವುಗಳ ಜೊತೆಗೆ ಪರೀಕ್ಷೆಯ ತೂಕದ ಬಟ್ಟುಗಳು. ಇಷ್ಟನ್ನೂ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಘಟ್ಟ ಇಳಿದವರಿಗೆ ನನಗೆ ಪೆಟ್ಟಿಗೆ ಏಕೆ ಬೇಕಾಯಿತು ಎಂದು ಹೇಳಬೇಕಾಗಿಲ್ಲ.

ಮೊದಲು ತಂದದ್ದು ಸಿದ್ಧ ಕ್ಯಾರಿಯರ್. ಎರಡು ಸಾವಿರದ ಮೇಲೆ ಚಿಲ್ಲರೆ. ಹಿಂಬದಿ ಸೀಟಿನ ಹಿಡಿಕೆಗೆ ಬೋಲ್ಟ್ ಹಾಕಿ, ಬ್ಯಾಕ್‌ರೆಸ್ಟ್ ಹಿಂದೆ ಬಾಲದಂತೆ ಚಾಚಿಕೊಳ್ಳುವ ನಮೂನೆಯದು. ಅದರ ಮೇಲೆ 45 ಲೀಟರಿನ ಪೆಟ್ಟಿಗೆ ಕೂರಿಸಿದರೆ ಅದು ಟೈಲ್ ಲ್ಯಾಂಪನ್ನೂ ದಾಟಿ ಹೊರಗೆ ನಿಲ್ಲುತ್ತದೆ. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಅಡ್ಡಗಾಳಿ ಹೊಡೆದಾಗ ಹ್ಯಾಂಡಲ್ ತನ್ನಷ್ಟಕ್ಕೆ ಎಡಕ್ಕೂ ಬಲಕ್ಕೂ ಆಡತೊಡಗಿತು. ಸೇತುವೆ ದಾಟಿ ಬೈಕ್ ನಿಲ್ಲಿಸಿ ನೋಡಿದರೆ ಬೋಲ್ಟಿನ ತೂತುಗಳು ಆಗಲೇ ಉದ್ದಕ್ಕೆ ಸವೆದಿದ್ದವು. ಮಾರಿದವನಿಗೆ ಫೋನು ಮಾಡಿದೆ. "ಅದು ಹೆಲ್ಮೆಟ್ ಇಡುವುದಕ್ಕೆ ಸರ್, ಸಾಮಾನಿಗಲ್ಲ" ಎಂದ. ಸಾಮಾನು ಇಡಬಾರದ ಕ್ಯಾರಿಯರಿಗೆ ಎರಡು ಸಾವಿರ!

ಆಮೇಲೆ ಊರಿನಲ್ಲೇ ಮಾಡಿಸಿದೆ. ಅಡಿಕೆ ಸುಲಿಯುವ ಯಂತ್ರಕ್ಕೆ ಚೌಕಟ್ಟು ಕಟ್ಟುವ ವೆಲ್ಡರ್ ಒಬ್ಬ ಕಬ್ಬಿಣದ ಆಂಗಲ್ ತಂದು, "ಇದರ ಮೇಲೆ ನೀವೇ ಕೂತು ಹೋಗಬಹುದು ಮಾರಾಯರೇ" ಎಂದು ಕೊಟ್ಟ. ಅದನ್ನು ತೂಗಿದೆ, ಆರು ಕೆಜಿ ಮೀರಿತ್ತು. ದಪ್ಪಗಿದ್ದರೆ ಗಟ್ಟಿ ಎಂದು ಅವನ ಲೆಕ್ಕ. ಆದರೆ ಅದೂ ಹಿಂದಿನ ಚಕ್ರದ ಆಕ್ಸಲ್ಲಿನ (ಅಚ್ಚಿನ) ಹಿಂದೆಯೇ ಚಾಚಿಕೊಂಡಿತ್ತು. ದೇವಿಮನೆಯಲ್ಲಿ ರಸ್ತೆ ಅಗಲ ಮಾಡಲು ಅಗೆದಿಟ್ಟ ಜಾಗದಲ್ಲಿ ಕುಲುಕಿ ಕುಲುಕಿ, ವೆಲ್ಡಿಂಗಿನ ಅಂಚಿನಲ್ಲೇ ಪಟ್ಟಿ ಸೀಳಿತು. ವೆಲ್ಡಿಂಗ್ ಹಾಗೇ ಇತ್ತು, ಅದರ ಪಕ್ಕದ ಕಬ್ಬಿಣ ಹರಿದಿತ್ತು. ಉಳಿದ ದಾರಿಯನ್ನು ಬಾಳೆಗೊನೆ ಕಟ್ಟುವ ಹಗ್ಗದಲ್ಲಿ ಬಿಗಿದುಕೊಂಡು ಮುಗಿಸಿದೆ. ಆ ಕಬ್ಬಿಣಕ್ಕೆ ಕೊಟ್ಟ ಸಾವಿರದ ಎಂಟುನೂರು ಹೋಯಿತು. ಈಗ ಅದರ ಮೇಲೆ ಮನೆಯ ಇನ್ವರ್ಟರ್ ಬ್ಯಾಟರಿ ಇದೆ.

ನನ್ನ ಕಸುಬು ಉಪಯೋಗಕ್ಕೆ ಬಂದದ್ದು ಇಲ್ಲಿ. ಅಡಿಕೆ ಚೀಲ ತೂಗುವ ಪ್ಲಾಟ್‌ಫಾರಂ ಯಂತ್ರವೊಂದರ ರಿಪೇರಿ ಮುಗಿಸಿದ ಮೇಲೆ ಅಂಗಡಿಯವರನ್ನು ಕೇಳಿಕೊಂಡು ಬೈಕಿನ ಮುಂದಿನ ಚಕ್ರವನ್ನು ಅದರ ಮೇಲೆ ಹತ್ತಿಸಿದೆ. ಹಿಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರಕ್ಕೆ ಹಲಗೆ ಇಡಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ನಾನು ಮೇಲೆ ಕೂತೆ, ಹುಡುಗನೊಬ್ಬ ಅಂಕಿ ಬರೆದುಕೊಂಡ. "ಇದು ರಾಶಿಯೋ ಚಾಲಿಯೋ?" ಎಂದು ಅಡಿಕೆಯ ಬಗೆಗಳ ಹೆಸರು ಹೇಳಿ ಹಮಾಲರು ನಗುತ್ತಿದ್ದರು. ಸಾಮಾನು ತುಂಬಿದ ಪೆಟ್ಟಿಗೆ ಮತ್ತು ಕ್ಯಾರಿಯರ್ ಸೇರಿ ಹದಿನೇಳು ಕೆಜಿ ಆಸುಪಾಸು. ಅದನ್ನು ಬ್ಯಾಕ್‌ರೆಸ್ಟಿನ ಹಿಂದೆ ಇಟ್ಟರೆ ಮುಂದಿನ ಚಕ್ರದ ಭಾರ ನಾಲ್ಕು ಕೆಜಿಯಷ್ಟು ಇಳಿಯಿತು. ಅದೇ ಪೆಟ್ಟಿಗೆಯನ್ನು ಹಿಂಬದಿ ಸೀಟಿನ ಜಾಗದಲ್ಲಿ, ನಡು ಭಾಗ ಆಕ್ಸಲ್ಲಿಗಿಂತ ಸ್ವಲ್ಪ ಮುಂದೆ ಬರುವಂತೆ ಇಟ್ಟರೆ ಮುಂದೆ ಒಂದು ಕೆಜಿ ಹೆಚ್ಚಾಯಿತು! ನಾಲ್ಕು ಕೆಜಿ ಏನು ಮಹಾ ಎನ್ನುವವರು ದೇವಿಮನೆಯ ತಿರುವೊಂದರಲ್ಲಿ ಎರಡನೆಯ ಗೇರಿನಲ್ಲಿ ಹತ್ತುತ್ತಾ, ಎದುರಿನ ಟ್ಯಾಂಕರಿಗೆ ದಾರಿ ಬಿಟ್ಟು ನೋಡಲಿ.

ಥಂಡರ್‌ಬರ್ಡ್‌ನ ಹಿಂಬದಿ ಸೀಟು ಬಿಚ್ಚಲು ಬರುವುದು ಅದೃಷ್ಟ. ಸೀಟು, ಬ್ಯಾಕ್‌ರೆಸ್ಟ್ ಎರಡನ್ನೂ ತೆಗೆದೆ. "ಹಾಗಾದರೆ ಅಕ್ಕ ಎಲ್ಲಿ ಕೂರಬೇಕು ಭಾವ?" ಎಂದು ಹೆಂಡತಿಯ ತಮ್ಮ ಕೇಳಿದ. ಸೀಟು ಮತ್ತೆ ಐದು ನಿಮಿಷದಲ್ಲಿ ಕೂರುವಂತೆ ಮಾಡಿದ್ದೇನೆ. ಹೇಗೆ ಎನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಂಡ ರಾತ್ರಿಗಳಿಗೆ ಯಾರೂ ದುಡ್ಡು ಕೊಟ್ಟಿಲ್ಲ.

ಕ್ಯಾರಿಯರಿನ ಮುಂದಿನ ಕಾಲುಗಳು ಸೀಟಿನ ಬೋಲ್ಟಿನ ಜಾಗಕ್ಕೆ, ಹಿಂದಿನವು ಹಿಡಿಕೆ ಬರುವ ಜಾಗಕ್ಕೆ. ಇಷ್ಟಕ್ಕೇ ನಿಲ್ಲಿಸಿದರೆ ಪೆಟ್ಟಿಗೆ ಪಕ್ಕಕ್ಕೆ ಓಲಾಡುತ್ತದೆ. ಎರಡೂ ಬದಿಯಲ್ಲಿ ಒಂದೊಂದು ಓರೆ ಕಡ್ಡಿಯನ್ನು ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿನವರೆಗೆ ಇಳಿಸಬೇಕು. ಗುಟ್ಟೆಲ್ಲ ಈ ಕಡ್ಡಿಯಲ್ಲಿದೆ. ಅಲ್ಲಿ ಹಾಕುವ ಪಟ್ಟಿ ತೆಳ್ಳಗಿರಬೇಕು, ನಟ್ ಬಿಗಿದ ಮೇಲೂ ಬೋಲ್ಟಿನ ಎರಡು ಸುತ್ತು ಥ್ರೆಡ್ ಹೊರಗೆ ಕಾಣಬೇಕು. ಕಾಣದಿದ್ದರೆ ಪಟ್ಟಿಯನ್ನು ಉಜ್ಜಿ ತೆಳ್ಳಗೆ ಮಾಡಿ. ಈ ಬೋಲ್ಟನ್ನು ಹೊಳೆಯುತ್ತದೆಂದು ಸ್ಟೇನ್‌ಲೆಸ್‌ಗೆ ಬದಲಾಯಿಸಲು ಹೋಗಬೇಡಿ, ಕಂಪನಿಯದೇ ಇರಲಿ. ಪೆಟ್ಟಿಗೆಯ ತಟ್ಟೆಗೂ ಕ್ಯಾರಿಯರಿಗೂ ನಡುವೆ ರಬ್ಬರ್ ಬುಶ್ ಹಾಕಿದ್ದೇನೆ. ಕುಮಟಾದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಒಂದು. ಯಾವ ವಾಹನದ್ದು ಎಂದು ನೀವೇ ಹುಡುಕಿಕೊಳ್ಳಿ.

ಪೈಪಿನ ವಿಷಯಕ್ಕೆ ಬಂದರೆ, ಕರಾವಳಿಯಲ್ಲಿ ಓಡಾಡುವವನಿಗೆ ಬಣ್ಣ ಬಳಿದ ಕಬ್ಬಿಣ ಸಾಲದು. ನಾನು ಒಂದು ಪ್ರಯೋಗ ಮಾಡಿದೆ. ಬಣ್ಣದ ಕಬ್ಬಿಣ, ಸ್ಟೇನ್‌ಲೆಸ್ ಸ್ಟೀಲಿನ ಎರಡು ದರ್ಜೆಗಳಾದ 202 ಮತ್ತು 304, ಈ ಮೂರರ ತುಂಡುಗಳನ್ನೂ ತಂತಿಗೆ ಪೋಣಿಸಿ ಕಾರವಾರದ ಮೀನಂಗಡಿಯೊಂದರ ಹಿಂಬದಿಯಲ್ಲಿ ತೂಗುಹಾಕಿ ಬಂದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಬ್ಬಿಣದ ಬಣ್ಣ ಉಬ್ಬಿ ಕೆಳಗೆಲ್ಲ ತುಕ್ಕು. 202ರ ಮೇಲೆ ಕೆಂಪು ಗೆರೆಗಳು. 304ರ ಮೇಲೆ ಚಹಾ ಬಣ್ಣದ ಕಲೆ ಬಂದಿತ್ತು, ಬಟ್ಟೆಯಲ್ಲಿ ಉಜ್ಜಿದರೆ ಹೋಯಿತು. ಅಂಗಡಿಯವರು 202 ಕೊಟ್ಟು 304 ಎನ್ನುತ್ತಾರೆ, ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ" ಎಂದು ತೋರಿಸುತ್ತಾರೆ. ಅದು ಎರಡಕ್ಕೂ ಅಂಟುವುದಿಲ್ಲ! ಒಂದು ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ದ್ರವ ಸಿಗುತ್ತದೆ, ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದನ್ನು ಹೊರಗೆ ತೆಗೆದ ಕೂಡಲೇ ಬೇರೆ ಪೈಪು ಒಳಗಿನಿಂದ ಬರುತ್ತದೆ.

ಸ್ಟೇನ್‌ಲೆಸ್ ಪೈಪು ಬೆಸೆಯುವ ಆರ್ಗಾನ್ ವೆಲ್ಡಿಂಗಿಗೆ ಹೋಟೆಲಿನ ಒಲೆ, ಮೇಜು ಮಾಡುವವನನ್ನು ಹಿಡಿಯಿರಿ. ಕುಮಟಾದಲ್ಲಿ ನನಗೆ ಸಿಕ್ಕವನು ಬೈಕಿನ ಕೆಲಸ ಮಾಡಿದವನೇ ಅಲ್ಲ, ಆದರೆ ತೆಳ್ಳನೆಯ ಪೈಪನ್ನು ತೂತಾಗದಂತೆ ಬೆಸೆಯುವುದರಲ್ಲಿ ಅವನ ಕೈ ಪಳಗಿದೆ. ಮೊದಲು ಪಿವಿಸಿ ಪೈಪಿನಲ್ಲಿ ಮಾದರಿ ಮಾಡಿಕೊಂಡು ಹೋಗಿದ್ದರಿಂದ ಮಾತು ಕಡಿಮೆಯಾಯಿತು, ಬಿಲ್ಲೂ ಕಡಿಮೆಯಾಯಿತು. ಸ್ಟೇನ್‌ಲೆಸ್ ನಟ್ಟಿಗೆ ಗ್ರೀಸ್ ಹಚ್ಚದೆ ಬಿಗಿದರೆ ಬೋಲ್ಟಿಗೇ ಕಚ್ಚಿಕೊಳ್ಳುತ್ತದೆ, ಕೊನೆಗೆ ಗ್ರೈಂಡರಿನಲ್ಲಿ ಕತ್ತರಿಸುವುದೊಂದೇ ದಾರಿ.

ಪೆಟ್ಟಿಗೆಯೊಳಗೆ ಲೋಡ್ ಸೆಲ್ ಇರುವುದರಿಂದ ನೀರಿನ ಪರೀಕ್ಷೆಯನ್ನೂ ಮಾಡಲೇಬೇಕಾಯಿತು. ಒಳಗೆ ದಿನಪತ್ರಿಕೆ ಹಾಸಿ, ಅಡಿಕೆಗೆ ಬೋರ್ಡೋ ಔಷಧ ಹೊಡೆಯುವ ಪಂಪಿನಲ್ಲಿ ಎಲ್ಲ ಕಡೆಯಿಂದ ನೀರು ಹೊಡೆಸಿದೆ. ಮುಚ್ಚಳದ ಅಂಚು ಒಣಗಿಯೇ ಇತ್ತು. ನೀರು ಬಂದದ್ದು ತಳದ ತೂತುಗಳಿಂದ, ಚಕ್ರ ಎರಚುವ ಕಡೆಯಿಂದ. ವಾಶರಿನ ಕೆಳಗೆ ಸಿಲಿಕೋನ್ ಹಾಕಿದ ಮೇಲೆ ನಿಂತಿತು. ರಬ್ಬರ್ ಮೆತ್ತಗಿರಲಿ ಎಂದು ಮುಚ್ಚಳದ ಅಂಚಿಗೆ ತೆಂಗಿನೆಣ್ಣೆ ಹಚ್ಚುವ ಸಲಹೆಯನ್ನು ಯಾರೋ ಕೊಟ್ಟರು. ಇರುವೆಗಳಿಗೆ ಹಬ್ಬವಾಯಿತು, ರಬ್ಬರ್ ಉಬ್ಬಿತು.

ಬಟ್ಟುಗಳನ್ನು ಪೆಟ್ಟಿಗೆಗೆ ಹಾಕುವುದಿಲ್ಲ. ಅವು ಎರಡು ಪಕ್ಕದ ಚೀಲಗಳಲ್ಲಿ, ಕೆಳಗೆ, ಎಡಬಲ ಸಮನಾಗಿ. ಬಲಗಡೆ ಸೈಲೆನ್ಸರಿಗೆ ಚೀಲ ತಾಗದಂತೆ ಒಂದು ಕಂಬಿ ಹಾಕಿದ್ದೇನೆ. ಟಾಪ್ ಬಾಕ್ಸಿನಲ್ಲಿ ಹತ್ತು ಕೆಜಿಗಿಂತ ಹೆಚ್ಚು ಯಾವತ್ತೂ ಇಲ್ಲ. ಹೆಚ್ಚು ಹಾಕಿದರೆ ಏನಾಗುತ್ತದೆ ಎಂದು ನೋಡುವ ಆಸೆ ಇದ್ದವರು ಸ್ವಂತ ಬೈಕಿನಲ್ಲಿ ನೋಡಲಿ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗನ್ನು ಒಂದು ಹಂತ ಬಿಗಿ ಮಾಡಿ, ಹಿಂದಿನ ಟೈರಿಗೆ ಇಬ್ಬರು ಕೂರುವಾಗ ಹಾಕುವಷ್ಟು ಗಾಳಿ ಹಾಕಿಸುತ್ತೇನೆ. ಹೊಸ ಭದ್ರತಾ ನಂಬರ್ ಪ್ಲೇಟನ್ನು ಬಿಚ್ಚಿ ಬೇರೆಡೆ ಹಾಕಲು ಬರುವುದಿಲ್ಲವಾದ್ದರಿಂದ ಕ್ಯಾರಿಯರ್ ಅದನ್ನು ಮರೆಮಾಡದೆ ಅದಕ್ಕಿಂತ ಮೇಲೆ ನಿಲ್ಲುವಂತೆ ಮೊದಲೇ ಅಳತೆ ಹಿಡಿಯಿರಿ. ಒಂದು ತೊಂದರೆ ಉಳಿದಿದೆ. ಪೆಟ್ಟಿಗೆ ನನ್ನ ಸೊಂಟದಿಂದ ನಾಲ್ಕು ಬೆರಳು ಹಿಂದೆ ಇರುವುದರಿಂದ, ಮುಂದಕ್ಕೆ ತೆರೆಯುವ ಮುಚ್ಚಳ ಬೆನ್ನಿಗೆ ಬಡಿಯುತ್ತದೆ. ಇಳಿದೇ ತೆರೆಯಬೇಕು.

ಖರ್ಚು: ಪೈಪು, ಪಟ್ಟಿ ಎರಡು ಸಾವಿರದ ಹತ್ತಿರ, ವೆಲ್ಡಿಂಗ್ ಮತ್ತು ಬಾಗಿಸಿದ್ದಕ್ಕೆ ಒಂದೂವರೆ ಸಾವಿರ, ಬೋಲ್ಟ್, ಬುಶ್, ಚಿಲ್ಲರೆ ಸೇರಿ ಐನೂರು. ಪೆಟ್ಟಿಗೆ ಬೇರೆ, ಆರೂವರೆ ಸಾವಿರ ಇರಬೇಕು. ಮೊದಲು ಹಾಳಾದದ್ದನ್ನು ಇದಕ್ಕೆ ಸೇರಿಸಬೇಡಿ, ನಾನೂ ಸೇರಿಸುವುದಿಲ್ಲ. ಕ್ಯಾರಿಯರ್ ಈಗ ಮೂರು ಕೆಜಿಯೊಳಗೆ ಇದೆ. ಅದೇ ಕಂಪನಿಯ ಮೀಟಿಯರ್ ಬೈಕ್ ಇರುವ ಇಬ್ಬರು ಬಂದು ಅಳತೆ ಕೇಳಿದರು. ಕೊಡಲಿಲ್ಲ, ಜಿಪುಣತನಕ್ಕಲ್ಲ. ಆ ಬೈಕಿನ ಫ್ರೇಮ್ ಬೇರೆ, ಬೋಲ್ಟಿನ ಜಾಗ ಬೇರೆ. ಪಿವಿಸಿ ಪೈಪು ತಂದು ಮೊದಲು ಮಾದರಿ ಕಟ್ಟಿಕೊಳ್ಳಿ, ಆಮೇಲೆ ಬೈಕನ್ನು ನನ್ನ ಹತ್ತಿರ ತನ್ನಿ, ತೂಗಿ ಕೊಡುತ್ತೇನೆ ಎಂದಿದ್ದೇನೆ.