ಅಂಗಡಿ ಲೆಕ್ಕದ ಪುಸ್ತಕದಿಂದ ಬೇಡಿಕೆ ರೇಖೆ ಎಳೆದದ್ದು

ಪಿಯುಸಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತಿದ್ದರು. ಇಳಿಯುವುದು ಬೇಡಿಕೆ, ಏರುವುದು ಪೂರೈಕೆ, ಎರಡೂ ಕೂಡುವಲ್ಲಿ ಸಮತೋಲನ ಬೆಲೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಬೆಂಗಳೂರಿನ ಹನುಮಂತನಗರದ ನಮ್ಮ ತರಕಾರಿ ಅಂಗಡಿಯಲ್ಲಿ ಕೂರಲು ಶುರು ಮಾಡಿದ ಮೇಲೆ ಗೊತ್ತಾಯಿತು, ಇಲ್ಲಿ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣುವುದು ಒಂದೇ ಚುಕ್ಕಿ: ಇವತ್ತಿನ ರೇಟು, ಇವತ್ತು ಹೋದ ಮಾಲು. ನಾಳೆ ಇನ್ನೊಂದು ಚುಕ್ಕಿ. ಇವುಗಳಿಂದ ಗೆರೆ ಎಳೆಯಬಹುದೇ ನೋಡೋಣ ಅನ್ನಿಸಿತು.

ಒಂದು ನೋಟ್‌ಬುಕ್ ಇಟ್ಟೆ. ಕಲಾಸಿಪಾಳ್ಯದ ಮಂಡಿಯಲ್ಲಿ ತರಕಾರಿ ಬಾಕ್ಸ್ ಎಷ್ಟಕ್ಕೆ ಬಿತ್ತು, ನಾನು ಕೆ.ಜಿ.ಗೆ ಎಷ್ಟು ಹೇಳಿದೆ, ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಎಷ್ಟು ಹೋಯಿತು. ಕೊನೆಯ ಕಾಲಂ ಹೆಸರು ‘ಯಾಕೆ’. ಅದರಲ್ಲಿ ಒಂದೆರಡೇ ಪದ: ‘ಗಾಡಿ ಕಮ್ಮಿ’, ‘ಮಳೆ’, ‘ಹಬ್ಬ’, ‘ಮದುವೆ’. ಕೊನೆಗೆ ಕೆಲಸಕ್ಕೆ ಬಂದದ್ದು ಈ ಕಾಲಮ್ಮೇ. ರೇಟು ಏರಿದ್ದು ಮಾಲು ಕಡಿಮೆ ಬಂದದ್ದಕ್ಕೋ, ಕೊಳ್ಳುವವರು ಜಾಸ್ತಿಯಾದದ್ದಕ್ಕೋ ಎಂದು ತಿಳಿಯದಿದ್ದರೆ ಚುಕ್ಕಿಗಳನ್ನು ಸೇರಿಸಿ ಏನೂ ಪ್ರಯೋಜನವಿಲ್ಲ. ಎರಡು ಗೆರೆಗಳಲ್ಲಿ ಒಂದು ನಿಂತಲ್ಲೇ ನಿಂತು ಇನ್ನೊಂದು ಮಾತ್ರ ಓಡಾಡಬೇಕು. ಆಗ ಓಡಾಡಿದ್ದು ನಿಂತದ್ದರ ಆಕಾರವನ್ನು ತೋರಿಸುತ್ತದೆ.

ಟೊಮೆಟೊಗೆ ಅಂಥ ಕಾಲ 2023ರಲ್ಲಿ ಬಂತು. ಅದಕ್ಕೆ ಮುಂಚೆ ರೇಟು ಸಿಗದೆ ಎಷ್ಟೋ ರೈತರು ಟೊಮೆಟೊ ಕೈಬಿಟ್ಟಿದ್ದರು. ಹಾಕಿದ್ದ ಬೆಳೆಗೂ ಕೋಲಾರದ ಕಡೆ ಎಲೆ ಮುರುಟು ರೋಗ ತಗುಲಿ, ಬಿಸಿಲು ಮಳೆಗಳ ಏಟೂ ಬಿತ್ತು. ಜುಲೈ ಹೊತ್ತಿಗೆ ಬೆಂಗಳೂರಿನಲ್ಲಿ ಕೆ.ಜಿ. ನೂರು ರೂಪಾಯಿ ದಾಟಿತು. ಇತ್ತ ನಮ್ಮ ಬೀದಿಯ ಜನ ಅದೇ ಜನ, ಸಂಬಳ ಅದೇ ಸಂಬಳ. ಸಾಲದ್ದಕ್ಕೆ ಆಷಾಢ, ಅದರ ಬೆನ್ನಿಗೇ ಆ ವರ್ಷ ಅಧಿಕ ಶ್ರಾವಣ. ಆಗಸ್ಟ್ ಮಧ್ಯದವರೆಗೆ ಮದುವೆಗಳಿಲ್ಲ, ಅಡುಗೆ ಕಂಟ್ರಾಕ್ಟರುಗಳ ಆರ್ಡರೂ ಇಲ್ಲ. ಬೇಡಿಕೆಯ ಗೆರೆ ಅಲುಗಾಡಲು ಕಾರಣವೇ ಇರಲಿಲ್ಲ. ಪೂರೈಕೆ ಮಾತ್ರ ಏರುಪೇರಾಯಿತು. ಆ ವಾರಗಳ ಚುಕ್ಕಿಗಳನ್ನಷ್ಟೇ ಆರಿಸಿ ಮಗಳ ಗ್ರಾಫ್ ಹಾಳೆಯ ಮೇಲೆ ಇಟ್ಟೆ, ರೇಟು ಕೆಳಗಿಂದ ಮೇಲಕ್ಕೆ, ಹೋದ ತೂಕ ಅಡ್ಡಕ್ಕೆ.

ಬಂದ ಗೆರೆ ಮೇಷ್ಟ್ರು ಎಳೆದ ನೇರ ಗೆರೆಯಂತಿರಲಿಲ್ಲ. ಮೂವತ್ತು ನಲವತ್ತಾದಾಗ ಗೊಣಗುತ್ತಲೇ ಅಷ್ಟೇ ತೂಕ ಒಯ್ಯುತ್ತಿದ್ದರು. ಎಂಬತ್ತರ ಆಚೆ ದಾಟಿದಾಗ ಮನೆಗಳಲ್ಲಿ ಹುಣಸೆಹಣ್ಣು ಡಬ್ಬಿಯಿಂದ ಹೊರಗೆ ಬಂತು. ಸಾರಿಗೆ ಹುಳಿ ಬೇಕು, ಅದು ಟೊಮೆಟೊದ್ದೇ ಆಗಬೇಕಿಲ್ಲ. ಪಠ್ಯದಲ್ಲಿ ಬದಲಿ ಸರಕು ಅಂದರೆ ಕಾಫಿಗೆ ಟೀ ಅನ್ನುತ್ತಾರೆ. ನನಗೆ ಆ ಉದಾಹರಣೆ ಯಾವತ್ತೂ ಸರಿ ಅನ್ನಿಸಿಲ್ಲ, ನಮ್ಮಲ್ಲಿ ಕಾಫಿ ಬಿಟ್ಟು ಟೀ ಕುಡಿಯುವವರು ಎಲ್ಲಿದ್ದಾರೆ? ನೂರು ದಾಟಿದ ಮೇಲೆ ಗೆರೆ ಮತ್ತೆ, ಮೂವತ್ತು ನಲವತ್ತರ ಹತ್ತಿರ ಇದ್ದಂತೆ, ಕಡಿದಾಗಿ ನಿಂತಿತು. ಆಗ ಉಳಿದವರು ‘ನಾಲ್ಕೇ ನಾಲ್ಕು ಹಣ್ಣು ಹಾಕಪ್ಪ’ ಅನ್ನುವವರು. ಅವರು ಇನ್ನೂ ಇಳಿಯುವುದಾದರೂ ಎಲ್ಲಿಗೆ? ಪಕ್ಕದ ದರ್ಶಿನಿಯವರು ಕೆಂಪು ಚಟ್ನಿ ನಿಲ್ಲಿಸಿದರೇ ಹೊರತು ಟೊಮೆಟೊ ಬಾತ್ ನಿಲ್ಲಿಸಲಿಲ್ಲ.

ಕೆ.ಜಿ. ಲೆಕ್ಕದಲ್ಲಿ ಮಾರಾಟ ಕುಗ್ಗಿದರೂ ಗಲ್ಲಾಪೆಟ್ಟಿಗೆಗೆ ಬಿದ್ದ ಟೊಮೆಟೊ ದುಡ್ಡು ಹೆಚ್ಚೇ ಆಯಿತು. ರೇಟು ಏರಿದಷ್ಟು ಪ್ರಮಾಣ ಇಳಿಯದಿದ್ದರೆ ಹೀಗಾಗುತ್ತದೆ. ಬೇಡಿಕೆ ಅಸ್ಥಿತಿಸ್ಥಾಪಕ ಅಂತ ನಾಲಿಗೆ ಹೊರಳದ ಪದವನ್ನು ಬಾಯಿಪಾಠ ಮಾಡಿದ್ದು ಇದನ್ನೇ. ಗಿರಾಕಿಗಳು ನಾನೇ ದೋಚುತ್ತಿದ್ದೇನೆ ಅಂದುಕೊಂಡರು. ಒಂದು ಕೆ.ಜಿ. ಮೇಲೆ ನನಗೆ ಉಳಿಯುತ್ತಿದ್ದ ರೂಪಾಯಿ ಹೆಚ್ಚುಕಮ್ಮಿ ಮೊದಲಿನಷ್ಟೇ. ಬಾಕ್ಸಿನಲ್ಲಿ ಎರಡು ಹಣ್ಣು ಕೊಳೆತರೆ ಆಗುವ ನಷ್ಟ ಮಾತ್ರ ದೊಡ್ಡದಾಗಿತ್ತು.

ಅಂಗಡಿಯ ರೇಟು ಬೋರ್ಡಿನ ಮೇಲೆ ಬರೆಯದ ರೇಟೊಂದು ಇದೆ, ಕೊಸರು. ತರಕಾರಿ ಕೊಂಡವರಿಗೆ ನಾಲ್ಕು ಎಸಳು ಕರಿಬೇವು, ಒಂದಿಷ್ಟು ಕೊತ್ತಂಬರಿ ಪುಕ್ಕಟೆ. ಮಳೆಗೆ ಸೊಪ್ಪು ಕೊಳೆತು ಕಟ್ಟಿನ ಬೆಲೆ ಏರಿದ ದಿನ ನಾವು ಬೋರ್ಡು ತಿದ್ದುವುದಕ್ಕೆ ಮುಂಚೆ ಕೊಸರು ನಿಲ್ಲಿಸುತ್ತೇವೆ. ಬೆಲೆ ಏರಿಕೆ ಮೊದಲು ಕಾಣಿಸುವುದು ಅಲ್ಲೇ, ಅದಕ್ಕೇ ಅದನ್ನೂ ಬರೆದಿಡುತ್ತಿದ್ದೆ.

ನಾಟಿ ಮಾಡಿದ ಟೊಮೆಟೊ ಕೊಯ್ಲಿಗೆ ಬರಲು ಎರಡು ತಿಂಗಳ ಮೇಲೆ ಬೇಕು. ದುಬಾರಿ ರೇಟು ನೋಡಿ ಹಾಕಿದವರ ಬೆಳೆಯೆಲ್ಲ ಒಟ್ಟಿಗೆ ಬಂತು, ಸೆಪ್ಟೆಂಬರಿನಲ್ಲಿ ಬೆಲೆ ನೆಲ ಕಚ್ಚಿತು. ಆ ಚುಕ್ಕಿಗಳನ್ನು ಗ್ರಾಫಿಗೆ ಸೇರಿಸಲಿಲ್ಲ. ನಿಜ ಶ್ರಾವಣ ಶುರುವಾಗಿ ವರಮಹಾಲಕ್ಷ್ಮಿ, ಗೌರಿ ಗಣೇಶ ಎಂದು ಬೇಡಿಕೆಯೂ ಜಾಗ ಬದಲಿಸಿತ್ತು.

ಪೂರೈಕೆಯ ಗೆರೆಗೆ ತದ್ವಿರುದ್ಧ ದಿನಗಳು ಬೇಕು, ಬೇಡಿಕೆ ಮಾತ್ರ ಓಡಾಡುವಂಥವು. ಅದಕ್ಕೆ ಆಯುಧಪೂಜೆಯ ಬೂದುಗುಂಬಳ ಸಿಕ್ಕಿತು. ಹಬ್ಬಕ್ಕೆ ಕೆಲವು ದಿನ ಮೊದಲು ರೇಟು ಏರಿದಂತೆ ಲಾರಿಗಳು ಬರುತ್ತಲೇ ಇರುತ್ತವೆ, ಗೆರೆ ಹದವಾಗಿ ಏರುತ್ತದೆ. ಪೂಜೆಯ ದಿನ ಮಧ್ಯಾಹ್ನದ ಹೊತ್ತಿಗೆ ಬಂದದ್ದು ಬಂದಾಯಿತು, ಯಾವ ರೇಟಿಗೂ ಹೊಸ ಕಾಯಿ ಬರದು, ಗೆರೆ ನೆಟ್ಟಗೆ ನಿಲ್ಲುತ್ತದೆ. ಮರುದಿನ ಬೂದುಗುಂಬಳ, ಬಾಳೆಕಂದು ರಸ್ತೆ ಬದಿ ರಾಶಿ ಬಿದ್ದಿರುವುದನ್ನು ಬೆಂಗಳೂರಿನವರೆಲ್ಲ ನೋಡಿದ್ದೀರಿ. ಬೂದುಗುಂಬಳ ತಿಂಗಳುಗಟ್ಟಲೆ ಕೆಡದ ಕಾಯಿ. ಆದರೂ ಬಿಟ್ಟು ಹೋಗುತ್ತಾರೆ, ವಾಪಸ್ ಒಯ್ಯುವ ಲಾರಿ ಬಾಡಿಗೆ ಆ ಹೊತ್ತಿನ ಕಾಯಿಯ ಬೆಲೆಗಿಂತ ಹೆಚ್ಚು.

ಅವರೆಕಾಯಿಯಿಂದ ಮಾತ್ರ ಯಾವ ಗೆರೆಯೂ ಹೊರಡಲಿಲ್ಲ. ಚಳಿ ಬಿದ್ದಂತೆ ಮಾಗಡಿ, ಹೊಸಕೋಟೆ ಕಡೆಯಿಂದ ಮಾಲು ಹೆಚ್ಚುತ್ತದೆ, ಸೊಗಡು ಏರಿದಂತೆ ಹಿತಕಿದ ಬೇಳೆಯ ಆಸೆಯೂ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಓಡಿದರೆ ಹಾಳೆಯ ಮೇಲೆ ಎರಚಿದಂತೆ ಚುಕ್ಕಿಗಳಷ್ಟೇ.

ಈಗ ಗ್ರಾಫ್ ಎಳೆಯುವುದಿಲ್ಲ, ‘ಯಾಕೆ’ ಕಾಲಂ ಮಾತ್ರ ಬಿಟ್ಟಿಲ್ಲ. ಮಂಡಿಯಲ್ಲಿ ಟೊಮೆಟೊ ರೇಟು ಎದ್ದಿದ್ದರೆ ಮೊದಲು ಗಾಡಿ ಎಷ್ಟು ಬಂದಿವೆ ಅಂತ ಕೇಳುತ್ತೇನೆ. ಗಾಡಿ ಕಮ್ಮಿಯಿದ್ದರೆ ಎರಡು ಬಾಕ್ಸ್ ಕಡಿಮೆ ಎತ್ತಿ, ಅಂಗಡಿಯ ಮುಂದಿನ ಸಾಲಿಗೆ ಹುಣಸೆಹಣ್ಣು ತರುತ್ತೇನೆ. ಗಾಡಿ ಎಂದಿನಂತಿದ್ದು ಮದುವೆಯವರು ರೇಟು ಎಬ್ಬಿಸಿದ್ದರೆ ಒಂದು ಬಾಕ್ಸ್ ಹೆಚ್ಚೇ ತರುತ್ತೇನೆ, ನಮ್ಮ ಬೀದಿಯ ಛತ್ರದಲ್ಲೂ ಆ ವಾರ ಮದುವೆ ಇರುತ್ತದೆ.