ಮಕ್ಕಳು ಜಾಸ್ತಿ ಇರುವ ಮನೆಯೇ ಬಡ ಮನೆಯಾ? ಲೆಕ್ಕ ಹಾಕುವುದು ಹೀಗೆ

ಮನೆ ತುಂಬ ಮಕ್ಕಳಿದ್ದರೆ ಬಡತನ ಖಂಡಿತ ಅಂತ ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಊರಿನ ಸರ್ವೆಗೋ ಕಾಲೇಜಿನ ಪ್ರಾಜೆಕ್ಟಿಗೋ ಹಾಗೆ ಬರೆಯುವ ಮೊದಲು ಲೆಕ್ಕವನ್ನು ಎರಡು ರೀತಿ ಹಾಕಿ ನೋಡಿ.

ಮೊದಲು ಮನೆಮಂದಿ ಅಂದರೆ ಯಾರು ಅಂತ ಗಟ್ಟಿ ಮಾಡಿಕೊಳ್ಳಿ. ನಮ್ಮ ಜನಗಣತಿಯಲ್ಲಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ಒಲೆ ಬೇರೆಯಾದರೆ ಎರಡು ಮನೆ. ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದ ಅಪ್ಪ ಕಳಿಸುವ ದುಡ್ಡನ್ನೂ ಕೇಳಿ ಬರೆದುಕೊಳ್ಳಿ.

ಈಗ ಲೆಕ್ಕ. ಒಂದು ಮನೆಯಲ್ಲಿ ಗಂಡ, ಹೆಂಡತಿ, ಒಂದು ಮಗು. ತಿಂಗಳ ಖರ್ಚು 12,000 ರೂಪಾಯಿ ಅಂತಿಟ್ಟುಕೊಳ್ಳಿ. ಇನ್ನೊಂದರಲ್ಲಿ ಗಂಡ, ಹೆಂಡತಿ, ಅಜ್ಜಿ, ನಾಲ್ಕು ಮಕ್ಕಳು, ಖರ್ಚು 21,000. ತಲೆಗೆ ಭಾಗಿಸಿದರೆ 4,000 ಮತ್ತು 3,000. ದೊಡ್ಡ ಮನೆಯೇ ಬಡವಾಯಿತು. ಆದರೆ ಯುರೋಪಿನಲ್ಲಿ ಬಳಸುವ ಅಳತೆಯಲ್ಲಿ ಮೊದಲ ದೊಡ್ಡವರಿಗೆ 1, ಉಳಿದ ದೊಡ್ಡವರಿಗೆ 0.5, 14 ವರ್ಷದೊಳಗಿನ ಮಗುವಿಗೆ 0.3 ಅಂತ ಹಿಡಿಯುತ್ತಾರೆ. ಹಾಗೆ 1.8 ಮತ್ತು 3.2ರಿಂದ ಭಾಗಿಸಿದರೆ ಸುಮಾರು 6,670 ಮತ್ತು 6,560 ಬರುತ್ತದೆ. ಅಂತರ ಇಲ್ಲವೆನ್ನುವಷ್ಟು ಕಡಿಮೆ! ಅರ್ಥಶಾಸ್ತ್ರಜ್ಞರಾದ ಪೀಟರ್ ಲಾಂಜೋ ಮತ್ತು ಮಾರ್ಟಿನ್ ರವಾಲಿಯನ್ 1995ರಲ್ಲಿ ಪಾಕಿಸ್ತಾನದ ಅಂಕಿಅಂಶ ಇಟ್ಟುಕೊಂಡು ಈ ಪ್ರಶ್ನೆಯನ್ನೇ ಎತ್ತಿದ್ದರು.

ಹಾಗಂತ ಯುರೋಪಿನ ಅಳತೆಯನ್ನೇ ನಂಬಬೇಡಿ. ಬಾಡಿಗೆ, ದೀಪ, ಟಿವಿ ಹಂಚಿಕೊಂಡರೆ ಉಳಿತಾಯ. ಇರುವ ಮುದ್ದೆಯನ್ನೇ ಹಂಚಿಕೊಂಡರೆ ಪ್ರತಿ ತಟ್ಟೆಗೂ ಕಡಿಮೆಯೇ. ಬಡ ಮನೆಯ ಖರ್ಚಿನಲ್ಲಿ ಊಟದ್ದೇ ದೊಡ್ಡ ಪಾಲು, ಹಾಗಾಗಿ ಎರಡೂ ಉತ್ತರ ಬರೆಯಿರಿ, ಎರಡೂ ಒಂದೇ ಕಡೆ ತೋರಿಸಿದರೆ ಮಾತ್ರ ಗಟ್ಟಿಯಾಗಿ ಹೇಳಿ.

ಆಮೇಲೆ ಮನೆಗಳನ್ನಲ್ಲ, ಮಕ್ಕಳನ್ನು ಎಣಿಸಿ. ಹತ್ತು ಮನೆಯಲ್ಲಿ ಮೂರು ಬಡ ಮನೆ, ಅಲ್ಲಿ ನಾಲ್ಕು ನಾಲ್ಕು ಮಕ್ಕಳು, ಉಳಿದ ಏಳರಲ್ಲಿ ಒಂದೊಂದು ಅಂದುಕೊಳ್ಳಿ. ಬಡ ಮನೆ ಶೇ. 30. ಬಡ ಮಕ್ಕಳು 19ರಲ್ಲಿ 12, ಅಂದರೆ ಶೇ. 63! ಇದನ್ನು ಬಿಟ್ಟರೆ ಮಕ್ಕಳ ಕಷ್ಟ ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ.

ದುಡಿಯುವವರು ಎಷ್ಟು, ಅವರನ್ನು ನಂಬಿದವರು ಎಷ್ಟು ಅಂತಲೂ ಕೇಳಿ. ಅಜ್ಜಿ ಮಕ್ಕಳನ್ನು ನೋಡಿಕೊಂಡರೆ ಅಮ್ಮ ಕೂಲಿಗೆ ಹೋಗಬಹುದು.

ರೇಷನ್ ಕಾರ್ಡ್ ಮರೆಯಬೇಡಿ. ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕುಟುಂಬಕ್ಕೆ ತಲೆಗೆ 5 ಕೆಜಿ, ಆದರೆ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ. ಒಂಬತ್ತು ಜನರ ಅಂತ್ಯೋದಯ ಮನೆಯಲ್ಲಿ ತಲೆಗೆ ನಾಲ್ಕು ಕೆಜಿಯೂ ಬರುವುದಿಲ್ಲ. ಅಂಥ ಮನೆಗಳನ್ನು ಬೇರೆಯಾಗಿ ಗುರುತು ಮಾಡಿ.