ಕೊಳವೆಬಾವಿ ನೀರಿನ ಫ್ಲೋರೈಡ್ ಇಳಿಸುವುದು: ಎರಡು ಬಕೆಟ್, ಪಟಿಕ, ಸುಣ್ಣ

ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೊಪ್ಪಳದ ಕಡೆ ಎಷ್ಟೋ ಕೊಳವೆಬಾವಿಗಳ ನೀರು ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ. ಅದರಲ್ಲಿರುವ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ, ಕ್ಲೋರಿನ್, ಮರಳಿನ ಸೋಸುವಿಕೆ, ಯಾವುದಕ್ಕೂ ಅದು ಸಿಕ್ಕುವುದಿಲ್ಲ. ಆರ್‌ಒ ತೆಗೆಯುತ್ತದೆ, ಆದರೆ ಅದಕ್ಕೆ ಕರೆಂಟು ಬೇಕು, ಮೆಂಬ್ರೇನ್ ಬದಲಿಸುತ್ತಿರಬೇಕು, ಜೊತೆಗೆ ಒಳಗೆ ಹೋದ ನೀರಿನ ದೊಡ್ಡ ಪಾಲು ಹೊರಗೆ ಹರಿದುಹೋಗುತ್ತದೆ.

ಇದ್ಯಾವುದೂ ಇಲ್ಲದೆ ಮನೆಯಲ್ಲೇ ಮಾಡಬಹುದಾದದ್ದು ನಲಗೊಂಡ ವಿಧಾನ. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, 1970ರ ದಶಕದಲ್ಲಿ ಇದನ್ನು ರೂಪಿಸಿತು. ಪಟಿಕ ಮತ್ತು ಸುಣ್ಣ ಬೆರೆಸಿ, ಕಲಕಿ, ಕೆಳಗೆ ಕೂರಿಸಿ, ಮೇಲಿನ ನೀರು ತೆಗೆದುಕೊಳ್ಳುವುದು, ಅಷ್ಟೇ. ಕೆಡುವುದು ಒಂದೇ ಕಡೆ: ಅಳತೆಯಲ್ಲಿ. "ಬಿಂದಿಗೆಗೆ ಒಂದು ಚಮಚ ಪಟಿಕ" ಎನ್ನುವ ಲೆಕ್ಕ ಒಂದು ಊರಿನಲ್ಲಿ ಸಾಲದು, ಪಕ್ಕದ ಊರಿನಲ್ಲಿ ಹೆಚ್ಚಾಗುತ್ತದೆ. ನಿಮ್ಮದೇ ನೀರಿನ ಎರಡು ಅಂಕಿ ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಮೊದಲು ಪರೀಕ್ಷೆ

ಆ ಎರಡು ಅಂಕಿ ಎಂದರೆ ಫ್ಲೋರೈಡ್ ಮತ್ತು ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಪ್ರಯೋಗಾಲಯದ ವರದಿಯಲ್ಲಿ ಎರಡನೆಯದು ಟೋಟಲ್ ಆಲ್ಕಲಿನಿಟಿ ಎಂದಿರುತ್ತದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಎರಡನ್ನೂ ಕೇಳಿ ಮಾಡಿಸಿ. ಅದೇ ಬಾಟಲಿ ನೀರಿನಲ್ಲಿ ಒಟ್ಟು ಕರಗಿದ ಲವಣ, ಗಡಸುತನ, ಸಲ್ಫೇಟ್ ಮತ್ತು ನೈಟ್ರೇಟ್ ಕೂಡ ನೋಡಿಸುವುದು ಒಳ್ಳೆಯದು.

ನೈಟ್ರೇಟ್ ಏಕೆಂದರೆ, ಹೊಲಕ್ಕೆ ಹಾಕಿದ ಯೂರಿಯಾ ಮತ್ತು ತಿಪ್ಪೆಯ ಸಾರ ಇಳಿದು ಬರುವುದು ಇದೇ ಅಂತರ್ಜಲಕ್ಕೆ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರು ಮುಖ್ಯವಾಗಿ ಹಸುಗೂಸುಗಳಿಗೆ ಅಪಾಯ. ಪಟಿಕ ನೈಟ್ರೇಟನ್ನು ಮುಟ್ಟುವುದೇ ಇಲ್ಲ. ಫ್ಲೋರೈಡ್, ನೈಟ್ರೇಟ್ ಎರಡೂ ಹೆಚ್ಚಿರುವ ಬಾವಿಯಾದರೆ ಈ ವಿಧಾನ ಬಿಟ್ಟು ಆರ್‌ಒ ಅಥವಾ ಬೇರೆ ನೀರಿನ ಮೂಲ ಹುಡುಕಬೇಕು.

ಫ್ಲೋರೈಡ್‌ಗೆ ಅದೇ ಮಾನದಂಡದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಇನ್ನು ಮುಂದೆ ಬರೀ ಸಂಖ್ಯೆ ಹೇಳಿದ ಕಡೆ ಲೀಟರಿಗೆ ಮಿಲಿಗ್ರಾಂ ಎಂದು ತಿಳಿಯಿರಿ.

ನೀರು ಹಿಡಿಯಲು ಪ್ಲಾಸ್ಟಿಕ್ ಬಾಟಲಿಯೇ ಬೇಕು, ಗಾಜು ಬೇಡ. ಮೋಟಾರು ಐದರಿಂದ ಹತ್ತು ನಿಮಿಷ ಓಡಿದ ಮೇಲೆ, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಸಿ. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಲ್ಲಿ ಹಿಡಿಯಬೇಡಿ. ಬೇರೆ ಬಾವಿಯ ನೀರೂ ಅದರಲ್ಲಿ ಸೇರಿರಬಹುದು.

ಈ ವಿಧಾನ ಎಲ್ಲಾ ನೀರಿಗೂ ಒಗ್ಗುವುದಿಲ್ಲ. ಒಟ್ಟು ಲವಣ 1500 ದಾಟಿದ್ದರೆ, ಗಡಸುತನ 600 ದಾಟಿದ್ದರೆ ಬೇಡ. ಫ್ಲೋರೈಡ್ 5ಕ್ಕಿಂತ ಹೆಚ್ಚಿರುವ ನೀರಿಗೆ ಬೇಕಾಗುವ ಪಟಿಕ ಎಷ್ಟೆಂದರೆ, ಒಂದು ತೊಂದರೆ ಕಳೆಯಲು ಹೋಗಿ ಇನ್ನೊಂದನ್ನು ಸೇರಿಸಿದಂತಾಗುತ್ತದೆ. ಅದರ ಲೆಕ್ಕ ಮುಂದೆ ಬರುತ್ತದೆ.

ಬೇಕಾಗುವ ಸಾಮಾನು

20 ಲೀಟರ್ ಹಿಡಿಯುವ ಎರಡು ಪ್ಲಾಸ್ಟಿಕ್ ಬಕೆಟ್, ಎರಡಕ್ಕೂ ಮುಚ್ಚಳ. ಮೇಲಿನದರಲ್ಲಿ ತಳದಿಂದ 5 ಸೆಂ.ಮೀ. ಎತ್ತರದಲ್ಲಿ ಒಂದು ನಲ್ಲಿ. ಕೆಳಗಿನದಕ್ಕೂ ಒಂದು ನಲ್ಲಿ. ಕಲಕಲು ಪಿವಿಸಿ ಪೈಪಿನ ತುಂಡು ಅಥವಾ ಮರದ ಕೋಲು. ಮಡಚಿದ ಹತ್ತಿ ಬಟ್ಟೆ, ಔಷಧಿ ಅಂಗಡಿಯ 5 ಮಿ.ಲೀ. ಸಿರಿಂಜ್, 100 ಮಿ.ಲೀ. ಅಳತೆಯ ಪ್ಲಾಸ್ಟಿಕ್ ಲೋಟ, ನೀರು ಎಷ್ಟು ಹುಳಿ ಅಥವಾ ಕ್ಷಾರ ಎಂದು ತೋರಿಸುವ ಪಿಎಚ್ ಪಟ್ಟಿ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆ ಬೇಡ. ಪಟಿಕದ ದ್ರಾವಣ ಆಮ್ಲೀಯ, ಅದು ಲೋಹವನ್ನು ತಿನ್ನುತ್ತದೆ.

ಪಟಿಕ ಕೊಳ್ಳುವಾಗ ನೋಡಿಕೊಳ್ಳಿ. ನೀರು ಶುದ್ಧೀಕರಣ ಘಟಕಗಳಲ್ಲಿ ಬಳಸುವುದು ಅಲ್ಯೂಮಿನಿಯಂ ಸಲ್ಫೇಟ್, ಬಿಳಿ ಅಥವಾ ನಸುಬಿಳುಪಿನ ಗಟ್ಟಿ. ಗ್ರಂಥಿಗೆ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಸಿಗುವ ಗಾಜಿನಂಥ ಹರಳು ಪೊಟ್ಯಾಷ್ ಪಟಿಕ. ಅದರಲ್ಲಿ ಅಲ್ಯೂಮಿನಿಯಂ ಅಂಶ ಕಡಿಮೆ, ಆದ್ದರಿಂದ ಸುಮಾರು ಒಂದೂವರೆ ಪಟ್ಟು ಬೇಕಾಗುತ್ತದೆ. ಇಲ್ಲಿನ ಅಳತೆಗಳೆಲ್ಲ ಮೊದಲನೆಯದಕ್ಕೆ. ತುಕ್ಕಿನ ಬಣ್ಣದ, ಕೊಳೆ ಸೇರಿದ ಪಟಿಕವನ್ನು ಕುಡಿಯುವ ನೀರಿಗೆ ಹಾಕಬಾರದು.

ಎರಡು ದ್ರಾವಣ ಮಾಡಿಟ್ಟುಕೊಳ್ಳಿ. 100 ಗ್ರಾಂ ಪಟಿಕ ಕರಗಿಸಿ ಒಟ್ಟು 1 ಲೀಟರ್ ಆಗುವಂತೆ ನೀರು ಸೇರಿಸಿ; ಇದರ ಪ್ರತಿ ಮಿ.ಲೀ.ನಲ್ಲಿ 100 ಮಿಲಿಗ್ರಾಂ ಪಟಿಕ ಇರುತ್ತದೆ. ಇನ್ನೊಂದು ಬಾಟಲಿಯಲ್ಲಿ 1 ಲೀಟರ್ ನೀರಿಗೆ 10 ಗ್ರಾಂ ಅರಳಿದ ಸುಣ್ಣದ ಪುಡಿ. ಸುಣ್ಣ ಪೂರ್ತಿ ಕರಗುವುದಿಲ್ಲ, ತಳದಲ್ಲಿ ನಿಲ್ಲುತ್ತದೆ. ಪ್ರತಿ ಸಲ ಚೆನ್ನಾಗಿ ಕುಲುಕಿಯೇ ಅಳೆಯಬೇಕು.

ಎಷ್ಟು ಹಾಕಬೇಕು

ಫ್ಲೋರೈಡನ್ನು 1ರ ಹತ್ತಿರಕ್ಕೆ ಇಳಿಸಲು ನೀರಿ ಕೊಟ್ಟಿರುವ ಪಟಿಕದ ಪ್ರಮಾಣಗಳಲ್ಲಿ ನಮ್ಮ ಕಡೆಯ ನೀರಿಗೆ ಹೆಚ್ಚು ಬೇಕಾಗುವ ಭಾಗ ಇಷ್ಟು. ಕ್ಷಾರೀಯತೆ 200, 300, 400, 500, 600 ಎಂಬ ಕ್ರಮದಲ್ಲಿ ಓದಿಕೊಳ್ಳಿ:

ಫ್ಲೋರೈಡ್ 2 ಇದ್ದರೆ: 220, 275, 310, 350, 405
ಫ್ಲೋರೈಡ್ 3 ಇದ್ದರೆ: 300, 350, 405, 510, 520
ಫ್ಲೋರೈಡ್ 4 ಇದ್ದರೆ: 400, 415, 470, 560, 600
ಫ್ಲೋರೈಡ್ 5 ಇದ್ದರೆ: 200ಕ್ಕೆ ಆಗದು, ನಂತರ 510, 600, 690, 715

ಸಾಲುಗಳನ್ನು ಗಮನಿಸಿ: ಫ್ಲೋರೈಡ್ 3 ಇರುವ ಎರಡು ಬಾವಿಗಳಲ್ಲಿ ಒಂದಕ್ಕೆ 300 ಸಾಕು, ಇನ್ನೊಂದಕ್ಕೆ 520 ಬೇಕು. ಕಾರಣ ಇದು. ಪಟಿಕ ನೀರಿನಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಗಸಿಯಾಗುತ್ತದೆ, ಆ ಗಸಿ ಫ್ಲೋರೈಡನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ. ಈ ಹಿಡಿತ ಚೆನ್ನಾಗಿರುವುದು ಪಿಎಚ್ 6.5ರಿಂದ 7.5ರ ನಡುವೆ. ಕ್ಷಾರೀಯತೆ ಹೆಚ್ಚಿರುವ ನೀರು ಪಿಎಚ್ ಇಳಿಯಲು ಬಿಡುವುದಿಲ್ಲ, ಅದನ್ನು ತಗ್ಗಿಸಲೇ ಒಂದಷ್ಟು ಪಟಿಕ ಖರ್ಚಾಗುತ್ತದೆ. ಕ್ಷಾರೀಯತೆ ತೀರಾ ಕಡಿಮೆಯಿದ್ದರೆ ಆಗುವುದು ತದ್ವಿರುದ್ಧ: ನೀರು ಹುಳಿಯಾಗುತ್ತದೆ, ಗಸಿ ಕಟ್ಟುವುದಿಲ್ಲ, ಅಲ್ಯೂಮಿನಿಯಂ ಫ್ಲೋರೈಡಿನ ಜೊತೆ ಸೇರಿ ನೀರಿನಲ್ಲೇ ಕರಗಿ ಉಳಿಯುತ್ತದೆ. ನಮ್ಮ ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಡುವಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕಡೆ ಸಾಮಾನ್ಯವಾಗಿ ಬೈಕಾರ್ಬನೇಟ್ ಕೂಡ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಆದ್ದರಿಂದ ಎದುರಾಗುವುದು ಹೆಚ್ಚಾಗಿ ಮೊದಲ ಬಗೆಯ ತೊಂದರೆ. ಎರಡನೆಯದು ಬಂದರೆ ಅಡುಗೆ ಸೋಡಾ ಹಾಕಿ ಕ್ಷಾರೀಯತೆ ಏರಿಸಬಹುದು: 20 ಲೀಟರಿಗೆ 3.4 ಗ್ರಾಂ ಸೋಡಾ ಹಾಕಿದರೆ 100 ಏರುತ್ತದೆ.

20 ಲೀಟರ್ ಬಕೆಟ್ಟಿಗೆ ಲೆಕ್ಕ ಸುಲಭ. ಮೇಲಿನ ಅಂಕಿಯನ್ನು 5ರಿಂದ ಭಾಗಿಸಿದರೆ ಎಷ್ಟು ಮಿ.ಲೀ. ಪಟಿಕದ ದ್ರಾವಣ ಎಂಬುದು ಬರುತ್ತದೆ. ಫ್ಲೋರೈಡ್ 3, ಕ್ಷಾರೀಯತೆ 400 ಇದ್ದರೆ 405 ಬೇಕು, ಅಂದರೆ 81 ಮಿ.ಲೀ. ಸುಣ್ಣ ಪಟಿಕದ ತೂಕದ ಇಪ್ಪತ್ತನೇ ಒಂದು ಪಾಲು. ಸುಣ್ಣದ ನೀರು ಅಳತೆಯಲ್ಲಿ ಪಟಿಕದ ದ್ರಾವಣದ ಅರ್ಧ, ಅಂದರೆ ಇಲ್ಲಿ ಸುಮಾರು 40 ಮಿ.ಲೀ.

ಇದು ಆರಂಭದ ಅಳತೆ ಮಾತ್ರ. ನಿಮ್ಮ ನೀರಿಗೆ ಸರಿಹೊಂದಿಸಲು ನಾಲ್ಕು ಬಾಟಲಿಗಳಲ್ಲಿ ತಲಾ ಒಂದು ಲೀಟರ್ ನೀರು ತೆಗೆದುಕೊಂಡು ಸಿರಿಂಜಿನಿಂದ 3, 4, 5, 6 ಮಿ.ಲೀ. ಪಟಿಕದ ದ್ರಾವಣ ಹಾಕಿ ನೋಡಿ. ಅಂದರೆ 300, 400, 500, 600. ಪ್ರತಿಯೊಂದಕ್ಕೂ ಅದರ ಅರ್ಧದಷ್ಟು ಸುಣ್ಣದ ನೀರನ್ನು ಮೊದಲೇ ಹಾಕಿರಬೇಕು. ಕೂತ ಮೇಲೆ ನಾಲ್ಕರ ತಿಳಿನೀರನ್ನೂ ಪರೀಕ್ಷೆಗೆ ಕೊಟ್ಟು, ಫ್ಲೋರೈಡ್ 1ರ ಆಸುಪಾಸಿಗೆ ಬಂದದ್ದರಲ್ಲಿ ಅತಿ ಕಡಿಮೆ ಪಟಿಕ ಹಾಕಿದ್ದನ್ನು ಆರಿಸಿಕೊಳ್ಳಿ. ಒಮ್ಮೆ ಇಷ್ಟು ಮಾಡಿದರೆ ದಿನಾ ತಲೆಕೆಡಿಸಿಕೊಳ್ಳಬೇಕಿಲ್ಲ.

ದಿನದ ಕೆಲಸ

ಬೆಳಗ್ಗೆ ಮೇಲಿನ ಬಕೆಟ್ಟಿಗೆ 20 ಲೀಟರ್ ತುಂಬಿ. ಮೊದಲು ಸುಣ್ಣದ ನೀರು ಹಾಕಿ ಚೆನ್ನಾಗಿ ಬೆರೆಸಿ, ಆಮೇಲೆ ಪಟಿಕದ ದ್ರಾವಣ. ಒಂದು ನಿಮಿಷ ಜೋರಾಗಿ ಕಲಕಿ. ಪಟಿಕ ಎಲ್ಲಾ ಕಡೆ ಹರಡುವುದು ಈ ಒಂದು ನಿಮಿಷದಲ್ಲೇ. ನಂತರ ಹತ್ತು ನಿಮಿಷ ನಿಧಾನಕ್ಕೆ, ನಿಮಿಷಕ್ಕೆ ಇಪ್ಪತ್ತು ಸುತ್ತಿನ ಲೆಕ್ಕದಲ್ಲಿ. ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗುವುದು ಈ ನಿಧಾನದ ಹೊತ್ತಿನಲ್ಲಿ. ಬೇಸರವಾಗಿ ಎರಡು ನಿಮಿಷಕ್ಕೇ ಬಿಟ್ಟರೆ ಗಸಿ ಪುಡಿಪುಡಿಯಾಗಿಯೇ ತೇಲುತ್ತದೆ. ಜೋರಾಗಿ ಕಲಕಿದರೆ ಕಟ್ಟಿದ್ದೂ ಒಡೆಯುತ್ತದೆ.

ಮುಚ್ಚಿ, ನೆರಳಿನಲ್ಲಿ, ಅಲುಗಿಸದೆ ಒಂದು ಗಂಟೆ ಬಿಡಿ. ಆಮೇಲೆ ನಲ್ಲಿ ತಿರುಗಿಸಿ, ನಾಲ್ಕು ಮಡಿಕೆಯ ಬಟ್ಟೆಯ ಮೂಲಕ ಕೆಳಗಿನ ಬಕೆಟ್ಟಿಗೆ ಇಳಿಸಿ. ಮೊದಲ ಲೋಟದ ನೀರು ನಲ್ಲಿಯೊಳಗಿನ ಗಸಿಯನ್ನು ತರುತ್ತದೆ, ಅದನ್ನು ಚೆಲ್ಲಿ. ತಳದ ಎರಡು ಮೂರು ಲೀಟರ್ ಗಸಿನೀರನ್ನು ಬಗ್ಗಿಸಿ ತೆಗೆಯುವ ಆಸೆ ಬೇಡ.

ಎರಡನೇ ಬಕೆಟ್ ಇರುವುದೇ ಇದಕ್ಕೆ. ಗಸಿಯ ಮೇಲೆಯೇ ನೀರನ್ನು ರಾತ್ರಿಯಿಡೀ ಬಿಟ್ಟರೆ, ಹಿಡಿದಿದ್ದ ಫ್ಲೋರೈಡ್ ಒಂದಷ್ಟು ಮತ್ತೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಫ್ಲೋರೈಡ್ ಸಮಸ್ಯೆಯಿರುವ ಟಾಂಜಾನಿಯಾದಲ್ಲೂ ಎರಡು ಬಕೆಟ್ಟಿನ ಪದ್ಧತಿ ಬಂದದ್ದು ಇದೇ ಕಾರಣಕ್ಕೆ. ರಾತ್ರಿ ಕಲಕಿಟ್ಟು ಬೆಳಗ್ಗೆ ತೆಗೆಯುವ ರೂಢಿ ಮಾಡಿಕೊಳ್ಳಬೇಡಿ.

ಪಟಿಕ ಕ್ರಿಮಿಗಳನ್ನು ಸಾಕಷ್ಟು ಕೆಳಗಿಳಿಸುತ್ತದೆ, ಕೊಲ್ಲುವುದಿಲ್ಲ. ಶೇ. 25 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 40 ಗ್ರಾಂ ಅನ್ನು 1 ಲೀಟರ್ ನೀರಿನಲ್ಲಿ ಕಲಸಿ, ಕೂತ ಮೇಲೆ ತಿಳಿಯನ್ನು ಬಣ್ಣದ ಬಾಟಲಿಗೆ ಬಗ್ಗಿಸಿಕೊಳ್ಳಿ. ಕೆಳಗಿನ ಬಕೆಟ್ಟಿಗೆ ಇದರ 2ರಿಂದ 4 ಮಿ.ಲೀ. ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಈ ದ್ರಾವಣ ದಿನದಿಂದ ದಿನಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಹೊಸದು ಮಾಡಿ.

ಕುಡಿಯುವುದಕ್ಕೆ ಮಾತ್ರವಲ್ಲ, ಅನ್ನ, ಸಾರು, ಮುದ್ದೆಗೂ ಇದೇ ನೀರು ಬಳಸಬೇಕು. ಅನ್ನ ಬೇಯುವಾಗ ನೀರಿನಲ್ಲಿದ್ದ ಫ್ಲೋರೈಡ್ ಅಕ್ಕಿಯೊಳಗೇ ಉಳಿಯುತ್ತದೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬಾವಿ ನೀರೇ ಸಾಕು.

ಕೆಟ್ಟರೆ ಎಲ್ಲಿ ಕೆಟ್ಟಿತು

ನೀರು ಒಗರಾಗಿ ನಾಲಿಗೆ ಹಿಡಿದರೆ ಪಟಿಕ ಹೆಚ್ಚಾಗಿದೆ ಅಥವಾ ಸುಣ್ಣ ಕಡಿಮೆಯಾಗಿದೆ. ಪಿಎಚ್ ಪಟ್ಟಿ 6.5ಕ್ಕಿಂತ ಕೆಳಗೆ ತೋರಿಸಿದರೆ ಆ ನೀರು ಕುಡಿಯಬೇಡಿ. ಕರಗಿದ ಅಲ್ಯೂಮಿನಿಯಂ ಉಳಿದಿರುತ್ತದೆ. ಅದರ ಮಿತಿ 0.03, ಬೇರೆ ದಾರಿಯಿಲ್ಲದಿದ್ದಾಗ 0.2. ಪಿಎಚ್ 7.5 ದಾಟಿದ್ದರೆ ಸುಣ್ಣ ತಗ್ಗಿಸಿ. ಗಸಿ ಕಟ್ಟಿಯೂ ಮೇಲಕ್ಕೆ ತೇಲಿದರೆ, ಪಟಿಕ ಬೈಕಾರ್ಬನೇಟಿನ ಜೊತೆ ಸೇರಿ ಬಿಟ್ಟ ಅನಿಲದ ಗುಳ್ಳೆಗಳು ಅದನ್ನು ಎತ್ತಿವೆ. ಮೆಲ್ಲಗೆ ಎರಡು ಸುತ್ತು ತಿರುಗಿಸಿದರೆ ಗುಳ್ಳೆ ಬಿಟ್ಟು ಇಳಿಯುತ್ತದೆ.

ಸಲ್ಫೇಟಿನ ಲೆಕ್ಕ ಮರೆಯುವಂತಿಲ್ಲ. ಹಾಕಿದ ಪಟಿಕದ ಶೇ. 43ರಷ್ಟು ಸಲ್ಫೇಟ್ ಆಗಿ ನೀರಿನಲ್ಲಿ ಉಳಿಯುತ್ತದೆ. 405 ಹಾಕಿದರೆ 175ರಷ್ಟು, 715 ಹಾಕಿದರೆ 300 ದಾಟುತ್ತದೆ. ಮಿತಿ 200, ಬೇರೆ ಮೂಲವಿಲ್ಲದಿದ್ದರೆ 400. ಬಾವಿಯಲ್ಲಿ ಮೊದಲೇ ಇದ್ದದ್ದು ಇದಕ್ಕೆ ಕೂಡುತ್ತದೆ. ಹೆಚ್ಚಾದರೆ ಕಹಿ, ಜೊತೆಗೆ ಭೇದಿ. ಫ್ಲೋರೈಡ್ 5 ದಾಟಿದ ಬಾವಿಗೆ ಈ ವಿಧಾನ ಬೇಡ ಎಂದದ್ದು ಇದಕ್ಕೇ.

ಇನ್ನೊಂದು ತಪ್ಪು ಪರೀಕ್ಷೆಯಲ್ಲೇ ಇರಬಹುದು. ಬಣ್ಣ ಹೋಲಿಸಿ ನೋಡುವ ಕಿಟ್ಟಿನ ಕಾರಕದಲ್ಲಿ ಜಿರ್ಕೋನಿಯಂ ಇರುತ್ತದೆ. ಫ್ಲೋರೈಡ್ ಅದನ್ನು ಸೆಳೆದುಕೊಂಡಷ್ಟೂ ಬಣ್ಣ ಬದಲಾಗುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಅಲ್ಯೂಮಿನಿಯಂ ಉಳಿದಿದ್ದರೆ ಅದು ಫ್ಲೋರೈಡನ್ನು ತಾನೇ ಹಿಡಿದಿಟ್ಟು, ಕಿಟ್ ಇರುವುದಕ್ಕಿಂತ ಕಡಿಮೆ ತೋರಿಸುವಂತೆ ಮಾಡುತ್ತದೆ. ಕ್ಲೋರಿನ್ ಕೂಡ ಬಣ್ಣ ಕೆಡಿಸುತ್ತದೆ. ಆದ್ದರಿಂದ ಬಾವಿ ನೀರಿಗೆ ಕಿಟ್ ಸಾಕು. ಶುದ್ಧೀಕರಿಸಿದ ನೀರನ್ನು ಬ್ಲೀಚಿಂಗ್ ಹಾಕುವ ಮೊದಲೇ ಹಿಡಿದು, ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಪ್ರಯೋಗಾಲಯಕ್ಕೆ ಕೊಡಿ.

ಗಸಿಯಲ್ಲಿ ನೀರಿನಿಂದ ತೆಗೆದ ಫ್ಲೋರೈಡೆಲ್ಲ ಇರುತ್ತದೆ. ಕಲಗಚ್ಚಿಗೆ ಸೇರಿಸಿ ದನಕ್ಕೆ ಇಡಬಾರದು, ಕೈತೋಟಕ್ಕೆ, ಬಾವಿಯ ಬಳಿ, ಚರಂಡಿಗೆ ಚೆಲ್ಲಬಾರದು. ದಪ್ಪ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಸುರಿದು ಒಣಗಿಸಿ, ಮಳೆನೀರು ಬೀಳದಂತೆ ಮೇಲೆ ಶೀಟು ಹಾಕಿ.

ಮಳೆನೀರು ಇದ್ದರೆ

ಮೇಲ್ಛಾವಣಿಯಿದ್ದವರು ಪಟಿಕಕ್ಕಿಂತ ಮೊದಲು ಇದನ್ನು ಯೋಚಿಸಬೇಕು. 30 ಚದರ ಮೀಟರ್ ಛಾವಣಿ, ವರ್ಷಕ್ಕೆ 500 ಮಿ.ಮೀ. ಮಳೆ, ಶೇ. 80 ಸಿಕ್ಕಿತು ಎಂದರೂ 12,000 ಲೀಟರ್. ದಿನಕ್ಕೆ 25 ಲೀಟರಿನಂತೆ ಕುಡಿಯಲು, ಅಡುಗೆಗೆ ವರ್ಷಕ್ಕೆ ಬೇಕಾಗುವುದು 9,125. ತೊಟ್ಟಿ ಚಿಕ್ಕದಿದ್ದರೆ ಬೆರಕೆ ಮಾಡಿ: ಫ್ಲೋರೈಡ್ 4 ಇರುವ ಒಂದು ಬಿಂದಿಗೆಗೆ ಮೂರು ಬಿಂದಿಗೆ ಮಳೆನೀರು ಸೇರಿಸಿದರೆ 1ಕ್ಕೆ ಇಳಿಯುತ್ತದೆ, ಪಟಿಕ ಬೇಕಾಗುವುದಿಲ್ಲ. ತೊಟ್ಟಿ ಬರಿದಾದ ತಿಂಗಳುಗಳಿಗೆ ಬಕೆಟ್ಟುಗಳನ್ನು ಇಟ್ಟುಕೊಳ್ಳಿ.

ಬಾವಿಯ ಫ್ಲೋರೈಡ್ ವರ್ಷವಿಡೀ ಒಂದೇ ಇರುವುದಿಲ್ಲ. ಬೇಸಿಗೆಯ ಕೊನೆಗೆ, ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದು ನವೆಂಬರಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ ಅಳತೆ ತಿದ್ದಿಕೊಳ್ಳಿ. ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಿದರೆ ಹಳೆಯ ಅಂಕಿ ಬಿಟ್ಟು ಮೊದಲಿನಿಂದ ಮಾಡಬೇಕು. ಆ ದಿನಕ್ಕೆ ಸರಿಯಾದ ಮಿ.ಲೀ. ಅಳತೆಯನ್ನು ಅಳಿಸದ ಮಸಿಯಲ್ಲಿ ಮೇಲಿನ ಬಕೆಟ್ಟಿನ ಮೇಲೆಯೇ ಬರೆದಿಟ್ಟರೆ ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು.